ಖಾಲಿ ಸೈಟಿನ ಬೆರಕೆ ಸೊಪ್ಪು

ನಾನು ಕೇಳಿದ ಮೊದಲನೆಯ ಪ್ರಶ್ನೆಯೇ ಕೈಕೊಟ್ಟಿತು. ತಿಲಕ್ ನಗರದ ಮಾರ್ಕೆಟ್ಟಿನ ಮೂಲೆಯಲ್ಲಿ ಗೋಣಿಚೀಲ ಹಾಸಿಕೊಂಡು ಸೊಪ್ಪು ಮಾರುತ್ತಿದ್ದ ಹೆಂಗಸಿನ ಮುಂದೆ ಮಂಡಿನೋವು ಸಹಿಸಿಕೊಂಡು ಕುಕ್ಕರುಗಾಲಲ್ಲಿ ಕೂತು, ಕೈಯಲ್ಲಿದ್ದ ಹಾಳೆ ನೋಡಿ, “ಸುಸ್ಥಿರ ಕೃಷಿಯ ಬಗ್ಗೆ ನಿಮ್ಮ ಅಭಿಪ್ರಾಯವೇನು?” ಎಂದು ಕೇಳಿದೆ.

ಅವರು ಕಂತೆ ಕಟ್ಟುವುದನ್ನು ನಿಲ್ಲಿಸಲಿಲ್ಲ. “ಸುಸ್ತು ಇದ್ದೇ ಇರುತ್ತೆ ಕಣಮ್ಮ. ಬೆಳಕು ಹರಿಯೋಕ್ ಮುಂಚೆ ಎದ್ದು ಬಗ್ಗಿ ಬಗ್ಗಿ ಕೀಳ್ಬೇಕಲ್ಲ. ಸೊಂಟ ಬಿದ್ದೋಗುತ್ತೆ. ನಿಮಗೆ ಎಷ್ಟು ಕಟ್ಟು?”

ನನ್ನ ಹಿಂದೆ ನಿಂತಿದ್ದ ಇಬ್ಬರು ಸಂಶೋಧಕರೂ ಕೆಮ್ಮುವ ನೆಪದಲ್ಲಿ ನಕ್ಕರು. ಆ ಪ್ರಶ್ನೆಯನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತಂದವಳು ನಾನೇ. ಎರಡು ರಾತ್ರಿ ನಿಘಂಟು ತಿರುವಿಹಾಕಿ ತಂದಿದ್ದೆ. ನಾನು ಎರಡು ಕಟ್ಟು ಸೊಪ್ಪು ತೆಗೆದುಕೊಂಡು ಎದ್ದೆ.

ನಾನು ಈ ಕೆಲಸಕ್ಕೆ ಬಂದದ್ದು ಆಕಸ್ಮಿಕ. ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಜೀವಶಾಸ್ತ್ರ ಪಾಠ ಮಾಡಿ ನಿವೃತ್ತಳಾಗಿದ್ದೆ. ಮನೆಯಲ್ಲಿ ಬೈಯಲು ಮಕ್ಕಳಿಲ್ಲದೆ ಗಂಡನನ್ನೇ ಬೈಯುತ್ತಿದ್ದ ದಿನಗಳವು. ಒಂದು ದಿನ ಜಯನಗರ ನಾಲ್ಕನೇ ಬ್ಲಾಕಿನ ಕಾಂಪ್ಲೆಕ್ಸ್ ಹತ್ತಿರ ತರಕಾರಿಯವನ ಜೊತೆ ಕರಿಬೇವಿನ ವಿಷಯಕ್ಕೆ ಜಗಳವಾಡುತ್ತಿದ್ದಾಗ ಯಾರೋ ಭುಜ ಮುಟ್ಟಿದರು. “ಮೇಡಂ, ನೀವಿನ್ನೂ ಹಂಗೇ ಇದೀರಲ್ಲ!” ನೋಡಿದರೆ ನನ್ನ ಹಳೆಯ ವಿದ್ಯಾರ್ಥಿನಿ. ಎಂಟನೇ ಕ್ಲಾಸಿನಲ್ಲಿ ಮಣ್ಣಿನ ಪದರಗಳ ಚಿತ್ರ ಬರೆಯಲು ಹೇಳಿದರೆ ಒಂದು ಚೌಕ ಬರೆದು ಪೂರ್ತಿ ಕಂದು ಬಣ್ಣ ಬಳಿದಿದ್ದ ಹುಡುಗಿ. ಈಗ ಮಣ್ಣಿನ ಮೇಲೆಯೇ ಡಾಕ್ಟರೇಟ್ ಮಾಡಿ ಮಣ್ಣಿನ ವಿಜ್ಞಾನಿಯಾಗಿದ್ದಳು. ಹತ್ತಿರದ ಹೋಟೆಲಿಗೆ ಕರೆದುಕೊಂಡು ಹೋಗಿ ಕಾಫಿ ಕೊಡಿಸಿ, ಕಾಫಿ ಆರುವ ಮೊದಲೇ ನನಗೆ ಕೆಲಸ ಕೊಟ್ಟಳು.

ಅವಳ ತಂಡ ಜೆ.ಪಿ. ನಗರದ ಒಂದು ಮನೆಯ ಮಹಡಿಯಲ್ಲಿತ್ತು. ಬೆಂಗಳೂರಿನ ದಕ್ಷಿಣದ ಬಡಾವಣೆಗಳಲ್ಲಿ ಯಾರೂ ಬಿತ್ತದೆ ತಾನಾಗಿ ಬೆಳೆಯುವ ಸೊಪ್ಪುಗಳನ್ನು ಯಾರು ಕೀಳುತ್ತಾರೆ, ಯಾರು ತಿನ್ನುತ್ತಾರೆ, ಅದು ಬೆಳೆಯುವ ಮಣ್ಣು ಹೇಗಿದೆ ಎಂಬುದನ್ನೆಲ್ಲ ಒಟ್ಟಿಗೆ ನೋಡುವ ಯೋಜನೆ. ಮಣ್ಣಿಗೆ ಅವಳು. ದುಡಿಮೆ, ಮಾರುಕಟ್ಟೆಗೆ ಧಾರವಾಡದ ಕಡೆಯ ಒಬ್ಬ ಅರ್ಥಶಾಸ್ತ್ರಜ್ಞರು. ಗಿಡ ಗುರುತಿಸುವುದಕ್ಕೆ ಮತ್ತು ಕನ್ನಡದಲ್ಲಿ ಮಾತಾಡಿಸುವುದಕ್ಕೆ ನಾನು.

“ಅಂತರ್‌ಶಿಸ್ತೀಯ ಸಂಶೋಧನೆ” ಎಂದು ಮನೆಯಲ್ಲಿ ಹೆಮ್ಮೆಯಿಂದ ಹೇಳಿಕೊಂಡೆ.

ನಮ್ಮ ಯಜಮಾನರು ಪೇಪರಿನಿಂದ ತಲೆ ಎತ್ತಿದರು. “ಅಷ್ಟೊಂದು ಶಿಸ್ತಿರೋ ಜಾಗಕ್ಕೆ ನಿನ್ನನ್ನ ಯಾಕೆ ಕರೆದ್ರು?”

ಅಂದು ಸಂಜೆ ಅವರಿಗೆ ಕಾಫಿ ಇಪ್ಪತ್ತು ನಿಮಿಷ ತಡವಾಯಿತು.

ಸುಸ್ತಿನ ಉತ್ತರ ಕೊಟ್ಟ ಹೆಂಗಸನ್ನು ನಾವೆಲ್ಲ ಸೊಪ್ಪಿನಕ್ಕ ಎಂದೇ ಕರೆಯತೊಡಗಿದೆವು. ಸುದ್ದಗುಂಟೆಪಾಳ್ಯದಲ್ಲಿ ಅವರ ಮನೆ. ಮಗಳು, ನಾಲ್ಕು ವರ್ಷದ ಮೊಮ್ಮಗಳು ಜೊತೆಗಿದ್ದರು. ಅವರ ಬುಟ್ಟಿಯಲ್ಲಿ ತೋಟದ ದಂಟು, ಪಾಲಕ್ ಇರುತ್ತಿರಲಿಲ್ಲ. ಅಣ್ಣೆ ಸೊಪ್ಪು, ಗೋಣಿ ಸೊಪ್ಪು, ಗಣಿಕೆ ಸೊಪ್ಪು, ಹೊನಗೊನೆ, ಎಲ್ಲ ಒಂದಷ್ಟೊಂದಷ್ಟು ಸೇರಿಸಿ ಕಟ್ಟಿದ ಬೆರಕೆ ಸೊಪ್ಪು. ಅದನ್ನು ಬೇಯಿಸಿ ಬಸಿದ ನೀರಲ್ಲಿ ಸಾರು, ಉಳಿದ ಸೊಪ್ಪಿನಲ್ಲಿ ಪಲ್ಯ. ನಮ್ಮಮ್ಮ ತುರುವೇಕೆರೆ ಕಡೆಯವರು, ಮಳೆಗಾಲದಲ್ಲಿ ವಾರಕ್ಕೆರಡು ಸಲ ಬಸ್ಸಾರು ಮಾಡುತ್ತಿದ್ದರು. ಆ ಗಿಡಗಳ ವೈಜ್ಞಾನಿಕ ಹೆಸರುಗಳೆಲ್ಲ ನನ್ನ ಬಾಯಲ್ಲಿದ್ದವು, ಆದರೆ ನಮ್ಮ ಅಡುಗೆಮನೆಗೆ ಆ ಸೊಪ್ಪು ಬಂದು ಯಾವ ಕಾಲವಾಗಿತ್ತೋ.

ಸೊಪ್ಪಿನಕ್ಕನಿಗೆ ನಮ್ಮ ಹಾಳೆಯ ಮೇಲೆ ನಂಬಿಕೆ ಇರಲಿಲ್ಲ. “ಕೂತ್ಕೊಂಡು ಕೇಳಿದ್ರೆ ಏನ್ ಗೊತ್ತಾಗುತ್ತೆ ಟೀಚರಮ್ಮ? ನಾಳೆ ಬೆಳಿಗ್ಗೆ ಬನ್ನಿ, ನಡೀರಿ ನನ್ ಜೊತೆ. ಚಪ್ಲಿ ಗಟ್ಟಿದು ಹಾಕ್ಕೊಂಬನ್ನಿ” ಎಂದರು.

ಮಾರನೆಯ ದಿನ ಹೋದೆವು. ಅರ್ಥಶಾಸ್ತ್ರಜ್ಞರು ಮಾತ್ರ ಬಿಳಿ ಶೂ ಹಾಕಿಕೊಂಡು ಬಂದರು, ಏಳು ಗಂಟೆಗೆ ಅದು ಬಿಳಿ ಇರಲಿಲ್ಲ. ಬಿ.ಟಿ.ಎಂ. ಲೇಔಟಿನ ಒಳರಸ್ತೆಗಳಲ್ಲಿ ನಾನು ಸಾವಿರ ಸಲ ಓಡಾಡಿದ್ದೇನೆ. ಅಲ್ಲಿ ಇಷ್ಟು ಖಾಲಿ ಸೈಟುಗಳಿವೆ ಎಂದು ಅಂದೇ ಕಂಡದ್ದು. ಎರಡು ಅಪಾರ್ಟ್‌ಮೆಂಟುಗಳ ನಡುವೆ ಸಿಕ್ಕಿಕೊಂಡ ಒಂದು ಸೈಟು, ಕೋರ್ಟಿನಲ್ಲಿ ಕೇಸಿರುವ ಇನ್ನೊಂದು, ಅರ್ಧ ಪಾಯ ಹಾಕಿ ಬಿಟ್ಟ ಮತ್ತೊಂದು. ಅಕ್ಕನ ತಲೆಯಲ್ಲಿ ಎಲ್ಲದರ ನಕ್ಷೆ ಇತ್ತು. ಯಾವುದರಲ್ಲಿ ಮಳೆ ಬಿದ್ದ ಎಷ್ಟನೇ ದಿನಕ್ಕೆ ಏನು ಚಿಗುರುತ್ತದೆ, ಯಾವ ಕಾಂಪೌಂಡಿನ ಗೇಟು ಎತ್ತಿದರೆ ತೆರೆಯುತ್ತದೆ, ಎಲ್ಲಿ ನಾಯಿ ಮರಿ ಹಾಕಿದೆ, ಎಲ್ಲ.

ನನ್ನ ವಿದ್ಯಾರ್ಥಿನಿ ಒಂದೊಂದು ಸೈಟಿನಲ್ಲೂ ಕೂತು ಮಣ್ಣು ಅಗೆದು, ಒಂದಿಷ್ಟು ಸೊಪ್ಪು ಕಿತ್ತು ಬೇರೆ ಬೇರೆ ಕವರಿಗೆ ತುಂಬಿ ಗುರುತು ಬರೆದುಕೊಂಡಳು. ಅರ್ಥಶಾಸ್ತ್ರಜ್ಞರು ಮೊಬೈಲಿನಲ್ಲಿ ಸ್ಟಾಪ್‌ವಾಚ್ ಹಾಕಿಕೊಂಡು ಒಂದು ಕಂತೆ ಸೊಪ್ಪು ಕೀಳಲು ಎಷ್ಟು ಹೊತ್ತಾಗುತ್ತದೆ ಎಂದು ನೋಡಿದರು. ಅದು ಗೊತ್ತಾದದ್ದೇ ತಡ, ಅಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ ಓಟದ ಸ್ಪರ್ಧೆಗೆ ನಿಂತವರ ಹಾಗೆ ಕಿತ್ತರು.

“ಅಕ್ಕಾರ, ಹಂಗಲ್ರೀ, ದಿನಾ ಹೆಂಗ ಕೀಳ್ತೀರಿ ಹಂಗ ಕೀಳ್ರಿ” ಎಂದು ಇವರು ಬೇಡಿಕೊಂಡರು.

“ನೀವು ಟೈಮ್ ನೋಡ್ತಾ ಇದ್ರೆ ನಾನ್ ನಿಧಾನ ಮಾಡ್ಲಾ ಸಾರ್? ಸೋಂಬೇರಿ ಅಂತ ಬರ್ಕೊಳಲ್ವಾ?”

ಅವರು ಮೊಬೈಲ್ ಜೇಬಿಗೆ ಹಾಕಿದರು. ಆಮೇಲೆ ಇಬ್ಬರಿಗೂ ಸ್ನೇಹವಾಯಿತು. “ನಮ್ಮ ಕಡೆ ಹಕ್ಕರಕಿ ಅಂತ ಬರ್ತದ್ರೀ, ರೊಟ್ಟಿ ಜೋಡಿ ಹಸೀದ ತಿಂತೀವಿ. ಇಲ್ಲಿ ಎಲ್ಲೂ ಸಿಗವಲ್ದು” ಎಂದು ಇವರು ಹೇಳಿದಾಗ ಅಕ್ಕನ ಮುಖದಲ್ಲಿ ಕನಿಕರ ಕಂಡಿತು. ಹಸಿ ಸೊಪ್ಪು ತಿನ್ನುವ ಊರಿನವರು, ಪಾಪ ಎಂಬಂತೆ.

ನಾಲ್ಕನೆಯ ಸೈಟಿನಲ್ಲಿ ಎದುರುಮನೆಯ ಅಂಕಲ್ ಒಬ್ಬರು ಲುಂಗಿಯಲ್ಲೇ ಹೊರಗೆ ಬಂದರು. ಮಣ್ಣು ಅಗೆಯುವವಳು, ಬರೆದುಕೊಳ್ಳುವವರು, ಕನ್ನಡಕ ಹಾಕಿ ನಿಂತಿರುವ ನಾನು. “ಏನು, ಸೈಟ್ ಸೇಲಾಯ್ತಾ? ಎಷ್ಟಕ್ಕೆ ಹೋಯ್ತು?” ಎಂದರು. ಸೊಪ್ಪಿನ ಸಂಶೋಧನೆ ಎಂದೆ. ನಂಬಲಿಲ್ಲ. “ಹೇಳೋಕೆ ಇಷ್ಟ ಇಲ್ದಿದ್ರೆ ಬಿಡಿ” ಎಂದು ಮುನಿಸಿಕೊಂಡು ಒಳಗೆ ಹೋದರು.

ಹೀಗೆ ಮಳೆಗಾಲವಿಡೀ ನಡೆದೆವು. ಬನಶಂಕರಿಯ ಕಡೆಗೆ, ಜೆ.ಪಿ. ನಗರದ ಕೆರೆಯಂಚಿಗೆ, ಎಲ್ಲ ಕಡೆ. ನನ್ನ ಮಂಡಿನೋವು ಕಡಿಮೆಯಾಯಿತು ಎಂದರೆ ಡಾಕ್ಟರೂ ನಂಬಲಿಲ್ಲ. ಮನೆಯಲ್ಲಿ ವಾರಕ್ಕೆರಡು ಸಲ ಬಸ್ಸಾರು ಶುರುವಾಯಿತು. ಬೀನ್ಸ್, ಆಲೂಗಡ್ಡೆ, ಹುರುಳಿಕಾಯಿ ಬಿಟ್ಟು ಬೇರೆ ತರಕಾರಿ ಇರುವುದೇ ಗೊತ್ತಿಲ್ಲದ ನಮ್ಮ ಯಜಮಾನರು, ಬೀನ್ಸೂ ಹುರುಳಿಕಾಯಿಯೂ ಒಂದೇ ಎಂದು ನಾನು ಎಷ್ಟು ಸಲ ಹೇಳಿದರೂ ಒಪ್ಪದವರು, ಮೊದಲ ದಿನ ತಟ್ಟೆಯನ್ನು ಪರೀಕ್ಷೆಯ ಪೇಪರಿನ ಹಾಗೆ ನೋಡಿದರು. ಎರಡನೆಯ ಸಲ ಮುದ್ದೆ ಇಲ್ಲವಾ ಎಂದು ಕೇಳಿದರು.

ಅಕ್ಕನ ಸೈಟುಗಳಲ್ಲೆಲ್ಲ ಚಿನ್ನದಂಥದ್ದು ಒಂದಿತ್ತು. ಅವರ ಮನೆಗೆ ಹತ್ತಿರ, ಮುಚ್ಚಿಹೋದ ಒಂದು ಹಳೆಯ ಶೆಡ್ಡಿನ ಹಿಂದಿನ ಜಾಗ. ಅಲ್ಲಿ ಅಣ್ಣೆ ಸೊಪ್ಪು ಮೊಣಕಾಲೆತ್ತರ ಬೆಳೆಯುತ್ತಿತ್ತು. ಮಿಕ್ಕ ಕಡೆ ಸೊಪ್ಪು ಸಾಕಷ್ಟು ಸಿಗದ ದಿನ ಅಕ್ಕ ಅಲ್ಲಿಗೆ ಹೋಗಿ ಅರ್ಧ ಗಂಟೆಯಲ್ಲಿ ಬುಟ್ಟಿ ತುಂಬಿಸಿಕೊಳ್ಳುತ್ತಿದ್ದರು. ಮನೆಗೂ ಅಲ್ಲಿಂದಲೇ.

ಒಂದು ಸೋಮವಾರ ಆಫೀಸಿಗೆ ಹೋದಾಗ ನನ್ನ ವಿದ್ಯಾರ್ಥಿನಿ ಮೇಜಿನ ಹತ್ತಿರ ಕೂತಿದ್ದಳು. ಮುಂದೆ ಪ್ರಯೋಗಾಲಯದ ವರದಿ.

“ಮೇಡಂ, ಆ ಶೆಡ್ಡಿನ ಹಿಂದಿನ ಮಣ್ಣಲ್ಲಿ ಸೀಸ ಜಾಸ್ತಿ ಇದೆ. ತುಂಬಾನೇ ಜಾಸ್ತಿ. ಅಲ್ಲಿ ಮುಂಚೆ ಹಳೇ ಬ್ಯಾಟರಿ ಒಡೀತಿದ್ರಂತೆ.”

“ಸೊಪ್ಪಲ್ಲಿ?”

“ಸೊಪ್ಪಲ್ಲೂ ಇದೆ. ತೊಳೆದ್ರೆ ಮೇಲಿನ ಧೂಳು ಹೋಗುತ್ತೆ, ಒಳಗಿರೋದು ಹೋಗಲ್ಲ.”

ಮಿಕ್ಕ ಸೈಟುಗಳು ಬಹುತೇಕ ಚೆನ್ನಾಗಿದ್ದವು. ಅದೊಂದೇ. ಆಗಲೇ ಅಕ್ಕನಿಗೆ ಹೇಳಿಬಿಡೋಣ ಎಂದೆ. ಅರ್ಥಶಾಸ್ತ್ರಜ್ಞರು ಬೇಡವೆಂದು ತಲೆಯಾಡಿಸಿದರು. “ಒಂದ ಸ್ಯಾಂಪಲ್ ನೋಡಿ ಹೇಳಿದ್ರ ಹೆಂಗ್ರೀ? ತಪ್ಪಿದ್ರ ಆಕಿ ವ್ಯಾಪಾರ ಹಾಳಾಗ್ತದ. ಮಾರ್ಕೆಟ್ಟಿನಾಗ ಒಮ್ಮೆ ಸುದ್ದಿ ಹಬ್ಬಿತಂದ್ರ ಯಾರೂ ಆಕಿ ಹತ್ರ ಸೊಪ್ಪು ತಗೊಳ್ಳಾಂಗಿಲ್ಲ.” ಅವರ ಮಾತಿನಲ್ಲಿ ಹುರುಳಿತ್ತು. ವಿದ್ಯಾರ್ಥಿನಿಯೂ ಇನ್ನೊಮ್ಮೆ ಪರೀಕ್ಷೆಗೆ ಕಳಿಸೋಣ, ಹತ್ತು ದಿನ ಆಗುತ್ತದೆ ಎಂದಳು. ಒಪ್ಪದ ಮುಖದಲ್ಲೇ ಒಪ್ಪಿದೆ.

ಮಂಗಳವಾರ ಮಾರ್ಕೆಟ್ಟಿಗೆ ಹೋಗಲಿಲ್ಲ. ಬುಧವಾರ ಹೋದೆ. ಅಕ್ಕ ನನಗೆಂದು ಒಂದು ಕಂತೆ ಎತ್ತಿಟ್ಟಿದ್ದರು. ಎಲ್ಲಿಯದು ಎಂದು ಕೇಳುವ ಧೈರ್ಯವಾಗಲಿಲ್ಲ. ಮನೆಗೆ ತಂದು ಫ್ರಿಜ್ಜಿನಲ್ಲಿಟ್ಟೆ, ಬೇಯಿಸಲಿಲ್ಲ. ಗುರುವಾರ ನಮ್ಮವರು, “ಇವತ್ತು ಬಸ್ಸಾರಲ್ವಾ?” ಎಂದರು. ವಿಷಯ ಹೇಳಿದೆ. “ಹಂಗಾದ್ರೆ ನಾವ್ ತಿನ್ಬಾರ್ದು, ಅವರು ತಿನ್ಬೋದಾ?” ಎಂದರು. ಅವರು ಅದನ್ನು ಚುಚ್ಚಲಿಕ್ಕೆಂದು ಹೇಳಲಿಲ್ಲ, ಅರ್ಥವಾಗದೆ ಕೇಳಿದ್ದು. ಆದರೂ ನನಗೆ ಚುಚ್ಚಿತು.

ಶುಕ್ರವಾರ ಬೆಳಿಗ್ಗೆ ಯಾರಿಗೂ ಹೇಳದೆ ಆಟೋ ಹಿಡಿದು ತಿಲಕ್ ನಗರಕ್ಕೆ ಹೋದೆ. ಅಕ್ಕನನ್ನು ಪಕ್ಕದ ಟೀ ಅಂಗಡಿಗೆ ಕರೆದೆ. ಸೀಸ ಎಂದರೆ ಏನು, ಮಣ್ಣಿಗೆ ಹೇಗೆ ಬಂತು, ಮಕ್ಕಳಿಗೆ ಯಾಕೆ ಹೆಚ್ಚು ಕೆಟ್ಟದ್ದು, ಎಲ್ಲ ಹೇಳಿದೆ. ಇನ್ನೊಂದು ಪರೀಕ್ಷೆ ಬಾಕಿಯಿದೆ ಎಂಬುದನ್ನೂ ಹೇಳಿದೆ. ಅಕ್ಕ ಟೀ ಲೋಟ ಕೆಳಗಿಟ್ಟರು.

“ನನ್ ಮೊಮ್ಮಗಳು ದಿನಾ ಅದನ್ನೇ ತಿನ್ನೋದು.”

“ಗೊತ್ತಕ್ಕಾ. ಅದಕ್ಕೇ ಬಂದೆ.”

“ಯಾವಾಗ ಗೊತ್ತಾಯ್ತು ನಿಮಗೆ?”

ಸುಳ್ಳು ಹೇಳಬಹುದಿತ್ತು. “ಸೋಮವಾರ” ಎಂದೆ.

ಅಕ್ಕ ಬೆರಳು ಮಡಚಿ ಎಣಿಸಿದರು. ಸೋಮವಾರ, ಮಂಗಳವಾರ, ಬುಧವಾರ, ಗುರುವಾರ. “ನಾಲ್ಕ್ ದಿನ. ಬುಧವಾರ ಬಂದಿದ್ರಿ. ಎದುರಿಗೇ ನಿಂತಿದ್ರಿ. ಒಂದ್ ಮಾತು ಹೇಳಿದ್ರೆ ನಿಮ್ ಗಂಟೇನಾದ್ರೂ ಹೋಗ್ತಿತ್ತಾ ಟೀಚರಮ್ಮ?”

ಅವರು ಎದ್ದು ಹೋಗಿ ಆ ದಿನದ ಬುಟ್ಟಿಯಲ್ಲಿದ್ದ ಅಣ್ಣೆ ಸೊಪ್ಪನ್ನೆಲ್ಲ ಆರಿಸಿ ತೆಗೆದು ಕಸದ ಡಬ್ಬಿಗೆ ಹಾಕಿದರು. ಗೋಣಿಚೀಲ ಮಡಚಿ, ಅರ್ಧ ಖಾಲಿಯಾದ ಬುಟ್ಟಿ ತಲೆಯ ಮೇಲಿಟ್ಟುಕೊಂಡು ಹೊರಟುಹೋದರು. ನನ್ನ ಕಡೆ ತಿರುಗಲಿಲ್ಲ.

ಆಫೀಸಿನಲ್ಲಿ ಬೈಸಿಕೊಳ್ಳಲು ತಯಾರಾಗಿಯೇ ಹೋದೆ. ವಿದ್ಯಾರ್ಥಿನಿಗೆ ಸಿಟ್ಟು ಬಂದದ್ದು ನಿಜ. “ಮೇಡಂ, ನಾವು ಮೂರ್ ಜನ ಸೇರಿ ತೀರ್ಮಾನ ಮಾಡಿದ್ವಿ” ಎಂದಳು. “ಹೌದಮ್ಮ, ಮೂರ್ ಜನ. ಅಕ್ಕನ್ನ ಕೇಳಿದ್ವಾ?” ಎಂದೆ. ಅವಳು ಎಂಟನೇ ಕ್ಲಾಸಿನಲ್ಲಿ ಚೌಕಕ್ಕೆ ಕಂದು ಬಳಿದು ಸಿಕ್ಕಿಬಿದ್ದಾಗ ಮಾಡಿದ್ದ ಮುಖವನ್ನೇ ಮಾಡಿದಳು. ಅರ್ಥಶಾಸ್ತ್ರಜ್ಞರು, “ನಾ ಆಕಿ ವ್ಯಾಪಾರದ ಲೆಕ್ಕ ಅಷ್ಟ ಹಾಕಿದ್ದೆ, ಕೂಸಿನ ವಿಚಾರ ತಲ್ಯಾಗ ಬರಲಿಲ್ಲ ನೋಡ್ರಿ” ಎಂದರು. ಅವರು ಅಷ್ಟು ಸುಲಭಕ್ಕೆ ತಪ್ಪು ಒಪ್ಪುವವರಲ್ಲ. ಅಂದಿನಿಂದ ಅವರ ಮೇಲೆ ನನಗೆ ಗೌರವ ಹೆಚ್ಚಾಯಿತು.

ಆಮೇಲೆ ಅಕ್ಕ ಎರಡು ವಾರ ವ್ಯಾಪಾರದ ಮಾತು ಬಿಟ್ಟು ಬೇರೇನೂ ನಮ್ಮೊಂದಿಗೆ ಆಡಲಿಲ್ಲ. ಮಾರ್ಕೆಟ್ಟಿಗೆ ಬರುತ್ತಿದ್ದರು, ಬುಟ್ಟಿಯಲ್ಲಿ ಸೊಪ್ಪು ಅರ್ಧಕ್ಕರ್ಧ ಕಡಿಮೆ ಇರುತ್ತಿತ್ತು. ನಾನು ಹೋದರೆ ಬೇರೆ ಗಿರಾಕಿಗಳಿಗೆ ಕೊಡುವ ಹಾಗೆಯೇ ಕೊಟ್ಟು, “ಚೀಲ ತಂದಿದೀರಾ ಮೇಡಂ?” ಎನ್ನುತ್ತಿದ್ದರು. ಟೀಚರಮ್ಮ ಹೋಗಿ ಮೇಡಂ ಆಗಿದ್ದೆ. ಈ ನಡುವೆ ಎರಡನೆಯ ಪರೀಕ್ಷೆಯ ಫಲಿತಾಂಶವೂ ಬಂತು, ಅದೇ ಉತ್ತರ. ವಿದ್ಯಾರ್ಥಿನಿ ಆ ದಿನವೇ ತಾನೇ ಸುದ್ದಗುಂಟೆಪಾಳ್ಯಕ್ಕೆ ಹೋಗಿ ಅಕ್ಕನ ಮಗಳನ್ನು ಕಂಡು, ಪರಿಚಯದ ಮಕ್ಕಳ ಡಾಕ್ಟರ ಹತ್ತಿರ ಮಗುವಿನ ರಕ್ತ ಪರೀಕ್ಷೆ ಮಾಡಿಸಿದಳು. ಆತಂಕಪಡುವಂಥದ್ದೇನಿಲ್ಲ, ಆ ಜಾಗದ ಸೊಪ್ಪು ನಿಲ್ಲಿಸಿದರೆ ಸಾಕು, ಕೆಲವು ತಿಂಗಳು ಬಿಟ್ಟು ಇನ್ನೊಮ್ಮೆ ನೋಡೋಣ ಎಂದರು ಡಾಕ್ಟರು. ಅದನ್ನು ಕೇಳಿದ ಮೇಲೆಯೇ ನನಗೆ ಊಟ ಸೇರಿದ್ದು.

ಇದಾದ ಎರಡು ದಿನಕ್ಕೆ ಅಕ್ಕ ತಾವಾಗಿಯೇ ಆಫೀಸಿನ ಮೆಟ್ಟಿಲು ಹತ್ತಿ ಬಂದರು. ಕುರ್ಚಿ ಕೊಟ್ಟರೂ ಕೂರಲಿಲ್ಲ.

“ನನಗೊಂದ್ ಕಾಗದ ಬೇಕು. ಯಾವ್ ಯಾವ್ ಸೈಟಿನ ಮಣ್ಣು ಚೆನ್ನಾಗಿದೆ ಅಂತ ಕನ್ನಡದಲ್ಲಿ ಬರ್ಕೊಡಿ, ಸೀಲ್ ಹಾಕಿ. ಯಾರಾದ್ರೂ ಕೇಳಿದ್ರೆ ತೋರಿಸ್ತೀನಿ. ಇನ್ಮೇಲೆ ಏನ್ ಗೊತ್ತಾದ್ರೂ ಮೊದ್ಲು ನನಗೆ ಹೇಳ್ಬೇಕು. ಆಮೇಲೆ ನಿಮ್ ಕಂಪ್ಯೂಟ್ರಿಗೆ.”

“ಆಯ್ತಕ್ಕಾ” ಎಂದೆವು ಮೂವರೂ, ಒಂದೇ ಉಸಿರಿಗೆ. ಆ ಕರಾರನ್ನು ಯೋಜನೆಯ ನಿಯಮದಲ್ಲೇ ಸೇರಿಸಿದೆವು. ಮಣ್ಣಿನ ಫಲಿತಾಂಶ ಬಂದ ದಿನವೇ ಅಲ್ಲಿ ಸೊಪ್ಪು ಕೀಳುವವರಿಗೆ ತಿಳಿಸಬೇಕು, ಅನುಮಾನವಿದ್ದರೆ ಅನುಮಾನವಿದೆ ಎಂದೇ ತಿಳಿಸಬೇಕು. ಕಾಗದ ನಾನೇ ಬರೆದೆ. ಈ ಸಲ ನಿಘಂಟು ಮುಟ್ಟಲಿಲ್ಲ. ಬರೆದು ಅಕ್ಕನಿಗೆ ಓದಿ ಹೇಳಿ, ಅವರು ತಲೆಯಾಡಿಸದ ವಾಕ್ಯಗಳನ್ನೆಲ್ಲ ಹೊಡೆದುಹಾಕಿದೆ. ಕಡೆಗೆ ಒಂದು ಪುಟ ಉಳಿಯಿತು.

ಕೈಬಿಟ್ಟ ಸೈಟಿಗೆ ಬದಲು ಬೇರೆ ಬೇಕಲ್ಲ. ನಮ್ಮ ಬೀದಿಯ ಕೊನೆಯಲ್ಲಿ ಒಬ್ಬರ ಖಾಲಿ ಸೈಟು ಇತ್ತು. ವರ್ಷಕ್ಕೆರಡು ಸಲ ಆಳು ಕರೆಸಿ ಕಳೆ ಸವರಿಸುತ್ತಿದ್ದರು. ಹೋಗಿ ಕೇಳಿದೆ. ಮೊದಲು ಅನುಮಾನಪಟ್ಟರು. “ನಾಳೆ ಸೈಟು ನನ್ದೇ ಅಂದ್ಬಿಟ್ರೆ?” ಎಂದರು. ಬುಟ್ಟಿಯಲ್ಲಿ ಸೊಪ್ಪು ತಗೊಂಡು ಹೋಗುತ್ತಾರೆ ಸಾರ್, ಸೈಟು ಬುಟ್ಟಿಯಲ್ಲಿ ಹಿಡಿಯಲ್ಲ ಎಂದೆ. ನಕ್ಕು ಒಪ್ಪಿದರು. ಮಣ್ಣು ಪರೀಕ್ಷೆಗೆ ಹೋಯಿತು, ಚೆನ್ನಾಗಿದೆ ಎಂದು ಬಂತು, ಆ ಸಂಜೆಯೇ ಅಕ್ಕನಿಗೆ ಫೋನ್ ಮಾಡಿದೆ. ಈಗ ಅಕ್ಕ ಬರುವ ಬೆಳಿಗ್ಗೆಗಳಲ್ಲಿ ಆ ಸೈಟಿನ ಮಾಲೀಕರು ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಅಲ್ಲೇ ಕೂರುತ್ತಾರೆ. ಯಾವುದು ಗಣಿಕೆ, ಯಾವುದು ಕೀರೆ ಎಂದು ಕಲಿತುಕೊಂಡು ದಾರಿಹೋಕರಿಗೆಲ್ಲ ಪಾಠ ಮಾಡುತ್ತಾರೆ. ಅರ್ಧ ತಪ್ಪು ಹೇಳುತ್ತಾರೆ.

ತಪ್ಪಿನ ವಿಷಯಕ್ಕೆ ಬಂದರೆ ನನ್ನದೂ ಒಂದಿದೆ. ಯೋಜನೆ ಮುಗಿದಾಗ ಒಂದು ಸಭೆ ಇಟ್ಟುಕೊಂಡಿದ್ದೆವು. ಪರಿಸರದವರು, ಆಹಾರದವರು, ಕೃಷಿಯವರು ಎಲ್ಲ ಬಂದಿದ್ದರು. ಅಕ್ಕ ಕಡುಹಸಿರು ರೇಷ್ಮೆ ಸೀರೆ ಉಟ್ಟು ಮುಂದಿನ ಸಾಲಿನಲ್ಲಿ ಕೂತಿದ್ದರು. ನಾನು ಒಂದೊಂದೇ ಗಿಡದ ಚಿತ್ರ ಪರದೆಯ ಮೇಲೆ ತೋರಿಸುತ್ತ ಹೆಸರು ಹೇಳುತ್ತಿದ್ದೆ. “ಇದು ಗೋಣಿ ಸೊಪ್ಪು” ಎಂದೆ.

“ಅಲ್ಲ ಟೀಚರಮ್ಮ” ಎಂದು ಮುಂದಿನ ಸಾಲಿನಿಂದ ಧ್ವನಿ ಬಂತು. “ಗೋಣಿ ಸೊಪ್ಪಿಗೆ ಹಳದಿ ಹೂವು. ಇದ್ರದು ನೋಡಿ, ಗುಲಾಬಿ ಬಣ್ಣ. ಇದು ಅದ್ರ ಥರಾನೇ ಕಾಣುತ್ತೆ, ಅದಲ್ಲ. ನಾನಿದನ್ನ ಕಿತ್ತು ಬುಟ್ಟಿಗೆ ಹಾಕಲ್ಲ.”

ಕನ್ನಡಕ ಸರಿಮಾಡಿಕೊಂಡು ನೋಡಿದೆ. ಎಲೆಯ ಮರೆಯಲ್ಲಿ ಗುಲಾಬಿ ಹೂವು ಸ್ಪಷ್ಟವಾಗಿತ್ತು. ಮೂವತ್ತು ವರ್ಷ ಹೂವಿನ ಭಾಗಗಳನ್ನು ಮಕ್ಕಳಿಂದ ಬಾಯಿಪಾಠ ಮಾಡಿಸಿದವಳು ನಾನು. ಸಭೆಯಲ್ಲಿ ಎಲ್ಲರೂ ನಕ್ಕರು, ನಾನೂ ನಕ್ಕೆ. ಟೀಚರಮ್ಮ ಎಂದು ಮತ್ತೆ ಕರೆದರಲ್ಲ, ಆ ಸಂಭ್ರಮದಲ್ಲಿ ಅವಮಾನ ಹೆಚ್ಚು ತಾಗಲಿಲ್ಲ.

ಆಮೇಲೆ ಊಟ. ಸುಸ್ಥಿರ ಆಹಾರದ ಬಗ್ಗೆ ಅರ್ಧ ದಿನ ಮಾತಾಡಿದ ಸಭೆಗೆ ಕೇಟರಿಂಗಿನವರು ಗೋಬಿ ಮಂಚೂರಿ, ಪನೀರ್, ಪೂರಿ ತಂದಿಟ್ಟಿದ್ದರು. ಸೊಪ್ಪಿನ ಒಂದು ಎಲೆಯೂ ಇರಲಿಲ್ಲ. ವಿದ್ಯಾರ್ಥಿನಿ ತಲೆಯ ಮೇಲೆ ಕೈ ಹೊತ್ತು ನಿಂತಳು. ಅರ್ಥಶಾಸ್ತ್ರಜ್ಞರು ಆರ್ಡರ್ ಕೊಟ್ಟವನು ತಾನಲ್ಲ ಎಂದು ಸಿಕ್ಕಸಿಕ್ಕವರಿಗೆಲ್ಲ ಹೇಳುತ್ತಿದ್ದರು.

ನಾನು ಅಕ್ಕನ ಪಕ್ಕ ತಟ್ಟೆ ಹಿಡಿದು ಕೂತು, “ಕ್ಷಮಿಸಿ ಅಕ್ಕ, ನಿಮ್ ಸೊಪ್ಪಿನ ಅಡುಗೆನೇ ಮಾಡಿಸ್ಬೇಕಿತ್ತು” ಎಂದೆ.

“ಅಯ್ಯೋ ಬಿಡಿ ಟೀಚರಮ್ಮ” ಎಂದರು ಅಕ್ಕ, ಎರಡನೆಯ ಸಲ ಹಾಕಿಸಿಕೊಂಡ ಗೋಬಿಯನ್ನು ಬಾಯಿಗಿಟ್ಟುಕೊಳ್ಳುತ್ತ. “ಮನೇಲಿ ದಿನಾ ಸೊಪ್ಪೇ ತಿಂತೀವಲ್ಲ. ಇದು ಸಖತ್ತಾಗಿದೆ. ಮೊಮ್ಮಗಳಿಗೆ ಒಂಚೂರು ಕಟ್ಟಿಸ್ಕೊಡಿ.”